ಮೂಲ ಯಾವುದು, ಅದನ್ನು ಮೊದಲು ಕೇಳು

ಪುಟ್ಟಿ,

ಸೇರಿದ ಕೆಲವೇ ವಾರಗಳಲ್ಲಿ ನಿನ್ನ ಕೈಗೆ ರೆಪ್ಲಿಕೇಶನ್ ಕೆಲಸ ಬಂದಿದೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಒರಾಕಲ್‌ನಲ್ಲಿರುವ ಗ್ರಾಹಕರ ಟೇಬಲ್‌ಗಳು ಪೋಸ್ಟ್‌ಗ್ರೆಸ್‌ಗೆ ಹೋಗಬೇಕು, ಅಲ್ಲಿಂದ ರಿಪೋರ್ಟ್ ತಂಡಕ್ಕೆ, ಒಂದು ಪ್ರತಿ ವಿಪತ್ತಿನ ಹೊತ್ತಿಗೆಂದು ಇಟ್ಟಿರುವ ಡಿಆರ್ ಸೈಟಿಗೆ, ಒಂದಷ್ಟು ಪಾಲುದಾರ ಸಂಸ್ಥೆಗೆ. ಟೂಲ್ ಕೂರಿಸಿ ಸ್ಟಾರ್ಟ್ ಒತ್ತಿದರೆ ಮುಗಿಯಿತು ಎಂದು ನಿನಗೆ ಯಾರಾದರೂ ಹೇಳಿದ್ದರೆ ನಂಬಬೇಡ. ಒಂದೇ ಸಂಗತಿಯನ್ನು ನಾಲ್ಕು ಕಡೆ ಬರೆದಿಟ್ಟಾಗ ಯಾವುದು ಮೂಲ, ಯಾವುದು ಪ್ರತಿ ಎಂದು ತೀರ್ಮಾನಿಸಬೇಕು. ಆಮೇಲೆ ಆ ತೀರ್ಮಾನವನ್ನು ವರ್ಷಗಟ್ಟಲೆ ಕಾಯಬೇಕು. ಈ ಕಸುಬಿನ ಹೆಚ್ಚಿನ ಪಾಲು ಇದೇ. ನಿಮ್ಮ ದೊಡ್ಡಪ್ಪ ಡಿಬಿಎ ಆಗಿ ತಲೆ ನರೆಸಿಕೊಂಡದ್ದು ಇದರಲ್ಲೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ಬಿಡುವು ಮಾಡಿಕೊಂಡು ಓದು.

ಯಾವ ಕಮಾಂಡ್ ಹೊಡೆಯುವ ಮೊದಲೂ ಒಂದು ಪಟ್ಟಿ ಮಾಡು. ಟೇಬಲ್ ಟೇಬಲ್‌ಗೂ ಮಾಡಿದರೆ ಸಾಲದು, ಮುಖ್ಯವಾದ ಕಡೆ ಕಾಲಂ ಕಾಲಂಗೂ ಮಾಡು. ಗ್ರಾಹಕರ ಮೊಬೈಲ್ ನಂಬರನ್ನೇ ತೆಗೆದುಕೋ. ಶಾಖೆಯವರು ಒಂದು ಸ್ಕ್ರೀನ್‌ನಲ್ಲಿ ಅದನ್ನು ಬದಲಿಸುತ್ತಾರೆ, ಕಾಲ್ ಸೆಂಟರ್‌ನವರು ಇನ್ನೊಂದರಲ್ಲಿ, ಗ್ರಾಹಕರೇ ಆ್ಯಪ್‌ನಲ್ಲಿ. ಮೂರೂ ಬೇರೆ ಬೇರೆ ಡೇಟಾಬೇಸ್‌ಗೆ ಹೋಗಿ ಬೀಳುತ್ತವೆ. ಈಗ ಈ ಮೂರರ ನಡುವೆ ನೀನು ಪೈಪ್ ಹಾಕಿದರೆ ಆಗುವುದೇನು? ಹಳೆಯ ನಂಬರು ಹೊಸ ನಂಬರನ್ನು ಅಳಿಸುತ್ತದೆ, ಗ್ರಾಹಕರ ಓಟಿಪಿ ಯಾರದೋ ಫೋನಿಗೆ ಹೋಗುತ್ತದೆ. ರೆಪ್ಲಿಕೇಶನ್ ಟೂಲ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿರುತ್ತದೆ, ಲಾಗ್‌ನಲ್ಲಿ ಒಂದು ಎರರ್ ಸಹ ಇರುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಪ್ರತಿ ಕಾಲಂನ ಮುಂದೆ ‘ಇದನ್ನು ಬರೆಯುವ ಹಕ್ಕು ಯಾವ ಡೇಟಾಬೇಸಿಗೆ’ ಎಂಬ ಒಂದೇ ಒಂದು ಹೆಸರು ಬರಲಿ. ಎರಡು ಹೆಸರು ಬಂದರೆ ಅದು ಟೂಲ್‌ನಿಂದ ಬಗೆಹರಿಯುವ ವಿಷಯವಲ್ಲ. ವ್ಯವಹಾರದವರನ್ನು ಕೂರಿಸಿಕೊಂಡು ಮಾತಾಡಿ ತೀರಿಸಬೇಕು. ಹೊಸಬಳು ಎಂದು ಸಂಕೋಚಪಡಬೇಡ. ಈ ಪ್ರಶ್ನೆಯನ್ನು ಕೇಳಲು ಹೊಸಬರಿಗಿರುವ ಸಲಿಗೆ ಹಳಬರಿಗೆ ಇರುವುದಿಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಭೂಮಿ ಯೋಜನೆ ನಿನಗೆ ಗೊತ್ತಲ್ಲ, 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಕೆಲಸ. ಅದು ಕಂದಾಯ ಇಲಾಖೆಯದು. ಜಮೀನಿನ ಕ್ರಯಪತ್ರ ನೋಂದಣಿ ಆಗುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ, ಅವರದು ಕಾವೇರಿ ತಂತ್ರಾಂಶ. ಇಲಾಖೆ ಬೇರೆ, ಡೇಟಾಬೇಸ್ ಬೇರೆ, ಆದರೆ ಜಮೀನು ಒಂದೇ. ಇವೆರಡನ್ನೂ ಜೋಡಿಸಿದ ಬಗೆಯನ್ನು ಗಮನಿಸು. ನೋಂದಣಿಯ ಹೊತ್ತಿಗೆ ಮಾರುವವರ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಭೂಮಿಯಿಂದ ಕಾವೇರಿಗೆ ಬರುತ್ತವೆ. ಕಾವೇರಿ ಅವನ್ನು ಓದಿಕೊಳ್ಳುತ್ತದೆ, ತಿದ್ದುವುದಿಲ್ಲ. ನೋಂದಣಿ ಆದ ಮೇಲೆ ಕಾವೇರಿಯಿಂದ ಭೂಮಿಗೆ ಜೆ ಸ್ಲಿಪ್ ಎಂಬ ಸೂಚನೆ ಹೋಗುತ್ತದೆ. ಅದು ಹೋದ ತಕ್ಷಣ ಪಹಣಿಯ 9ನೇ ಕಲಂನಲ್ಲಿ ಕೊಂಡವರ ಹೆಸರು ಕೂರುವುದಿಲ್ಲ. ನೋಟಿಸ್ ಆಗಬೇಕು, ತಕರಾರು ಬಂದರೆ ವಿಚಾರಣೆ ಆಗಬೇಕು, ಮ್ಯುಟೇಶನ್‌ಗೆ ಮಂಜೂರಾತಿ ಸಿಗಬೇಕು. ಅಷ್ಟೂ ಆದ ಮೇಲೆ ಕಂದಾಯ ಇಲಾಖೆಯ ಕೈಯಿಂದಲೇ ಪಹಣಿ ಬದಲಾಗುತ್ತದೆ.

ಇದನ್ನು ನಾನು ಕಿರಿಯರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ‘ಕ್ರಯ ನೋಂದಣಿಯಾಗಿದೆ’ ಎನ್ನುವುದು ಒಂದು ಸತ್ಯ, ಅದರ ಒಡೆಯ ನೋಂದಣಿ ಇಲಾಖೆ. ‘ಖಾತೆ ಬದಲಾಗಿದೆ’ ಎನ್ನುವುದು ಮತ್ತೊಂದು ಸತ್ಯ, ಅದರ ಒಡೆಯ ಕಂದಾಯ ಇಲಾಖೆ. ಒಂದು ಇನ್ನೊಂದರ ಪ್ರತಿಯಲ್ಲ. ಕಾವೇರಿಯ ಟೇಬಲನ್ನು ಭೂಮಿಯ ಟೇಬಲಿನ ಮೇಲೆ ರೆಪ್ಲಿಕೇಟ್ ಮಾಡಿಬಿಟ್ಟಿದ್ದರೆ ಕೆಲಸ ಬೇಗ ಆಗುತ್ತಿತ್ತು, ನಡುವಿನ ತಕರಾರಿನ ಅವಕಾಶ ಮಾತ್ರ ಹೋಗುತ್ತಿತ್ತು. ಹಂಚಿಕೊಳ್ಳುವುದರಲ್ಲಿ ಎರಡು ಬಗೆ ಇದೆ ಕಣಮ್ಮ: ಒಂದು, ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿ ಕೊಡುವುದು. ಇನ್ನೊಂದು, ‘ಇಂಥದ್ದು ನಡೆದಿದೆ, ನಿಮ್ಮ ಕ್ರಮ ನೀವು ಕೈಗೊಳ್ಳಿ’ ಎಂದು ಸುದ್ದಿ ಮುಟ್ಟಿಸುವುದು. ನಿನ್ನ ಪಾಲುದಾರ ಸಂಸ್ಥೆಗೆ ಬೇಕಿರುವುದು ಬಹುಶಃ ಎರಡನೆಯದು. ಯಾವುದು ಬೇಕೆಂದು ಕೇಳದೆ ಟೇಬಲ್ ಕೊಟ್ಟುಬಿಡಬೇಡ.

ಸುದ್ದಿ ಮುಟ್ಟದಿದ್ದಾಗ ನೋವು ಯಾರಿಗೆ ಎಂಬುದನ್ನೂ ಅಲ್ಲೇ ನೋಡಬಹುದು. ಬ್ಯಾಂಕಿನ ಬೆಳೆಸಾಲದ ವಿವರ ಪಹಣಿಯ 11ನೇ ಕಲಂನಲ್ಲಿ ಇರುತ್ತದೆ. ಸಾಲ ತೀರಿದೆ, ಬ್ಯಾಂಕಿನ ಕಂಪ್ಯೂಟರಿನಲ್ಲಿ ಬಾಕಿ ಸೊನ್ನೆ, ಪಹಣಿಯಲ್ಲಿ ಮಾತ್ರ ಋಣ ಹಾಗೇ ಉಳಿದಿದೆ ಎಂದು ಕಾಗದ ಹಿಡಿದು ಅಲೆಯುವ ರೈತರು ನಮ್ಮೂರಲ್ಲೂ ಇದ್ದಾರೆ. ನಮಗೆ ಅದು ಸಿಂಕ್ ಆಗದ ಒಂದು ಸಾಲು. ಅವರಿಗೆ ಮಗಳ ಮದುವೆಗೆ ಮಾರಲಾಗದ ಜಮೀನು.

ಇನ್ನು ನಕಲು ಮಾಡುವ ಬಗೆಗೆ ಬರುತ್ತೇನೆ. ನಿನ್ನ ತಂಡದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: ‘ಪ್ರತಿ ಸಾಲಿನಲ್ಲೂ ಕೊನೆಯ ಬಾರಿ ಬದಲಾದ ಸಮಯ ಇದೆಯಲ್ಲ, ಅದನ್ನು ನೋಡಿ ಹೊಸದನ್ನು ಮಾತ್ರ ಎತ್ತಿಕೊಂಡು ಬಂದರಾಯಿತು.’ ಕೇಳಲು ಸರಳ, ಮೊದಲ ವಾರ ಕೆಲಸವನ್ನೂ ಮಾಡುತ್ತದೆ. ಒಂದು ಉದಾಹರಣೆಯನ್ನು ಸೆಕೆಂಡು ಸೆಕೆಂಡಾಗಿ ನೋಡು. ಶಾಖೆಯಲ್ಲಿ ಒಬ್ಬರು 10:00:00ಕ್ಕೆ ಒಂದು ದೊಡ್ಡ ಟ್ರಾನ್ಸಾಕ್ಷನ್ ಶುರುಮಾಡಿದರು. ಸಾಲಿನ ಮೇಲೆ 10:00:00 ಎಂದೇ ಸಮಯ ಬಿತ್ತು. ಕಮಿಟ್ ಆದದ್ದು 10:00:40ಕ್ಕೆ. ನಡುವೆ 10:00:30ಕ್ಕೆ ನಿನ್ನ ಜಾಬ್ ಓಡಿತು. ಆ ಸಾಲು ಇನ್ನೂ ಕಮಿಟ್ ಆಗಿರಲಿಲ್ಲ, ಹಾಗಾಗಿ ಅದರ ಕಣ್ಣಿಗೆ ಬೀಳಲಿಲ್ಲ. ಜಾಬ್ ತನ್ನ ಪುಸ್ತಕದಲ್ಲಿ ‘10:00:30ರವರೆಗೆ ನೋಡಿದ್ದಾಯಿತು’ ಎಂದು ಬರೆದುಕೊಂಡಿತು. ಮುಂದಿನ ಸಲ ಅದು ಕೇಳುವುದು 10:00:30ರ ನಂತರದ ಸಾಲುಗಳನ್ನು. ನಮ್ಮ ಸಾಲಿನ ಮೇಲಿರುವುದು 10:00:00. ಇನ್ನು ಯಾರಾದರೂ ಅದನ್ನು ಮತ್ತೆ ಮುಟ್ಟುವ ತನಕ ಅದು ಪ್ರತಿಗೆ ಬರುವುದಿಲ್ಲ. ಲೆಕ್ಕಪತ್ರದವರು ತಿಂಗಳ ಕೊನೆಯಲ್ಲಿ ಒಂದೆರಡು ಸಾವಿರ ರೂಪಾಯಿ ವ್ಯತ್ಯಾಸ ಎಂದು ಬಂದು ನಿಲ್ಲುತ್ತಾರೆ. ಕೆಲಸದ ಒತ್ತಡ ಹೆಚ್ಚಿದ ದಿನಗಳಲ್ಲಷ್ಟೇ ಹೀಗಾಗುವುದರಿಂದ ಟೆಸ್ಟ್ ಸರ್ವರಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಳಿಸಿದ ಸಾಲುಗಳ ಗತಿಯಂತೂ ಕೇಳಲೇ ಬೇಡ. ಇಲ್ಲದ ಸಾಲಿನ ಮೇಲೆ ಸಮಯ ಎಲ್ಲಿಂದ ಬರಬೇಕು?

ಹಾಗಾಗಿ ಲಾಗ್ ಓದುವ ದಾರಿಯನ್ನೇ ಹಿಡಿ. ಒರಾಕಲ್‌ನಲ್ಲಿ ಅದು ರೀಡೊ ಲಾಗ್, ಪೋಸ್ಟ್‌ಗ್ರೆಸ್‌ನಲ್ಲಿ ವಾಲ್, ಮೈಎಸ್‌ಕ್ಯೂಎಲ್‌ನಲ್ಲಿ ಬಿನ್‌ಲಾಗ್. ಡೇಟಾಬೇಸ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ಬರೆದುಕೊಳ್ಳುವ ದಿನಚರಿ ಅದು. ಸೇರಿಸಿದ್ದು, ತಿದ್ದಿದ್ದು, ಅಳಿಸಿದ್ದು ಎಲ್ಲವೂ ಅಲ್ಲಿದೆ, ಕಮಿಟ್ ಆದ ಕ್ರಮವೂ ಅಲ್ಲಿದೆ. ಗೋಲ್ಡನ್‌ಗೇಟ್ ಹುಟ್ಟಿದ್ದು 1995ರಲ್ಲಿ, ಟ್ಯಾಂಡೆಮ್ ಕಂಪ್ಯೂಟರುಗಳ ಮೇಲೆ ಓಡುತ್ತಿದ್ದ ಎಟಿಎಂ ಜಾಲಗಳ ನಡುವೆ. ಒರಾಕಲ್ ಅದನ್ನು ಕೊಂಡದ್ದು 2009ರಲ್ಲಿ. ಡೆಬೀಜಿಯಂ ಈ ಕಾಲದ್ದು, ಮುಕ್ತ ತಂತ್ರಾಂಶ. ಯಾವುದನ್ನು ಆರಿಸಿದರೂ ಕೆಳಗೆ ನಡೆಯುವುದು ಇದೇ ಲಾಗ್ ಓದುವ ಕೆಲಸ. ಟೂಲ್‌ನ ಪರದೆಗಳನ್ನು ಕಲಿಯುವ ಮೊದಲು ನಿನ್ನ ಡೇಟಾಬೇಸಿನ ಲಾಗ್ ಹೇಗೆ ಬರೆಯಲ್ಪಡುತ್ತದೆ ಎಂಬುದನ್ನು ಕಲಿ.

ಲಾಗ್ ಓದುವಾಗ ನಿನ್ನನ್ನು ಕಾಡುವ ಮೊದಲ ತೊಂದರೆ ಪ್ರೈಮರಿ ಕೀ ಇಲ್ಲದ ಟೇಬಲ್. ಒರಾಕಲ್ ತನ್ನ ರೀಡೊದಲ್ಲಿ ಸಾಮಾನ್ಯವಾಗಿ ಬದಲಾದ ಕಾಲಂಗಳನ್ನಷ್ಟೇ ಬರೆಯುತ್ತದೆ. ಯಾವ ಗ್ರಾಹಕರ ಸಾಲು ಎಂದು ಇನ್ನೊಂದು ಕಡೆ ಗುರುತಿಸಲು ಕೀ ಬೇಕು, ಅದಕ್ಕೇ ಸಪ್ಲಿಮೆಂಟಲ್ ಲಾಗಿಂಗ್ ಆನ್ ಮಾಡಬೇಕು. ಪೋಸ್ಟ್‌ಗ್ರೆಸ್ 10ರಲ್ಲಿ, ಅಂದರೆ 2017ರಲ್ಲಿ, ಲಾಜಿಕಲ್ ರೆಪ್ಲಿಕೇಶನ್ ಒಳಗೇ ಬಂತು. ಅಲ್ಲಿ ಕೀ ಇಲ್ಲದ ಟೇಬಲನ್ನು ಪಬ್ಲಿಕೇಶನ್‌ಗೆ ಸೇರಿಸಿದರೆ ಮೂಲದಲ್ಲೇ ಅಪ್‌ಡೇಟ್, ಡಿಲೀಟ್ ಎರರ್ ಕೊಟ್ಟು ನಿಲ್ಲುತ್ತವೆ. ಎಂದರೆ ಪ್ರತಿ ಮಾಡಲು ಹೋಗಿ ನಡೆಯುತ್ತಿದ್ದ ಪ್ರೊಡಕ್ಷನ್ ನಿಲ್ಲಿಸಿದಂತೆ. ಟೇಬಲ್‌ಗಳ ಕೀಗಳನ್ನು ಮೊದಲೇ ಪರೀಕ್ಷಿಸಿ, ಇಲ್ಲದ ಕಡೆ ಡೆವಲಪರುಗಳಿಂದ ಹಾಕಿಸಿಕೋ.

ಅದೇ ಪೋಸ್ಟ್‌ಗ್ರೆಸ್‌ನ ರೆಪ್ಲಿಕೇಶನ್ ಸ್ಲಾಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಓದುಗ ಎಲ್ಲಿಯವರೆಗೆ ಓದಿದ್ದಾನೆ ಎಂದು ಸ್ಲಾಟ್ ನೆನಪಿಟ್ಟುಕೊಂಡು, ಓದದ ಲಾಗನ್ನು ಅಳಿಸದೆ ಕಾಯುತ್ತದೆ. ಒಳ್ಳೆಯ ಗುಣವೇ. ಆದರೆ ಶುಕ್ರವಾರ ರಾತ್ರಿ ರಿಪೋರ್ಟ್ ಸರ್ವರ್ ಬಿತ್ತು ಅಂದುಕೋ, ಶನಿವಾರ ಭಾನುವಾರ ಯಾರೂ ನೋಡಲಿಲ್ಲ. ಮೂಲದ ಕಡೆ ಲಾಗ್ ಬೆಳೆಯುತ್ತಾ ಬೆಳೆಯುತ್ತಾ ಡಿಸ್ಕ್ ತುಂಬುತ್ತದೆ, ತುಂಬಿದ ಗಳಿಗೆಯಲ್ಲಿ ಮೂಲವೇ ನಿಲ್ಲುತ್ತದೆ. 13ನೇ ಆವೃತ್ತಿಯಿಂದ ಇದಕ್ಕೊಂದು ಮಿತಿ ಹಾಕಬಹುದು, ಆದರೆ ನೀನಾಗಿ ಹಾಕದಿದ್ದರೆ ಮಿತಿಯೇ ಇಲ್ಲ. ಹಾಕಿದರೆ, ಮಿತಿ ಮೀರಿದ ದಿನ ಸ್ಲಾಟ್ ಅಮಾನ್ಯವಾಗಿ ಆ ಪ್ರತಿಯನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ. ಆಗಲಿ. ರಿಪೋರ್ಟ್‌ನ ಪ್ರತಿಗಾಗಿ ಮೂಲವನ್ನು ಬಲಿಕೊಡಬಾರದು. ಡಿಆರ್ ಪ್ರತಿಯ ವಿಷಯದಲ್ಲಿ ನಿನ್ನ ಸಂಸ್ಥೆ ಬೇರೆ ರೀತಿ ತೀರ್ಮಾನಿಸಬಹುದು. ಎರಡನ್ನೂ ಹಗಲು ಹೊತ್ತಿನಲ್ಲಿ, ಎಲ್ಲರೂ ಕೂತು ತೀರ್ಮಾನಿಸಿ ಬರೆದಿಡಿ. ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿರುವ ಒಬ್ಬಳ ತಲೆಯ ಮೇಲೆ ಆ ತೀರ್ಮಾನ ಬೀಳಬಾರದು.

ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವಾಗ ಬೇರೆಯೇ ಕೆಲವು ಅಡಚಣೆಗಳಿವೆ. ಒರಾಕಲ್‌ಗೆ ಖಾಲಿ ಅಕ್ಷರಸಾಲು ಎಂದರೆ ನಲ್, ಪೋಸ್ಟ್‌ಗ್ರೆಸ್‌ಗೆ ಅವೆರಡೂ ಬೇರೆ. ಒರಾಕಲ್‌ನ ಡೇಟ್‌ನಲ್ಲಿ ಗಂಟೆ, ನಿಮಿಷ, ಸೆಕೆಂಡು ಸೇರಿರುತ್ತವೆ. ಅದನ್ನು ಪೋಸ್ಟ್‌ಗ್ರೆಸ್‌ನ ಡೇಟ್‌ಗೆ ಹಾಕಿದರೆ ಸಮಯವೆಲ್ಲ ಉದುರಿ ಹೋಗುತ್ತದೆ, ಟೈಮ್‌ಸ್ಟ್ಯಾಂಪ್‌ಗೇ ಹಾಕು. ಹಣದ ಕಾಲಂಗಳು ನ್ಯೂಮೆರಿಕ್‌ಗೇ ಹೋಗಲಿ, ಫ್ಲೋಟ್‌ಗೆ ಬೇಡವೇ ಬೇಡ.

ಕನ್ನಡದ ಹೆಸರುಗಳಿದ್ದರೆ ಮಾತ್ರ ನಿಂತು ನೋಡಬೇಕು, ಇದನ್ನು ಹೊರಗಿನ ಕೈಪಿಡಿಗಳು ಹೇಳಿಕೊಡುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ‘ಲಕ್ಷ್ಮೀನಾರಾಯಣ’ ಎಂಬ ಹೆಸರನ್ನು ಬಿಡಿಸು: ಲ, ಕ, ಹಲಂತ ಚಿಹ್ನೆ, ಷ, ಮತ್ತೆ ಹಲಂತ, ಮ, ಈಕಾರ, ನ, ಆಕಾರ, ರ, ಆಕಾರ, ಯ, ಣ. ಒಟ್ಟು 13 ಸಂಕೇತ, 39 ಬೈಟ್. ಒರಾಕಲ್‌ನಲ್ಲಿ ವಾರ್‌ಚಾರ್ 30 ಎಂದು ಸುಮ್ಮನೆ ಬರೆದಿದ್ದರೆ ಅದು 30 ಬೈಟ್, ಈ ಹೆಸರು ಹಿಡಿಸುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಅದೇ 30 ಎಂದರೆ 30 ಸಂಕೇತ, ಆರಾಮಾಗಿ ಹಿಡಿಸುತ್ತದೆ. ಈಗ ಒಂದು ದಿಕ್ಕಿನಲ್ಲಿ ಮಾತ್ರ ಹೋಗುತ್ತಿದೆ, ಸರಿ. ಮುಂದೆ ಯಾರಾದರೂ ಪೋಸ್ಟ್‌ಗ್ರೆಸ್‌ನಿಂದ ಒರಾಕಲ್‌ಗೆ ವಾಪಸ್ ಹರಿಸಲು ಹೊರಟರೆ ಇಂಥ ಒಂದು ಹೆಸರು ಬಂದು ಇಡೀ ಸಾಲನ್ನು ತಡೆದು ನಿಲ್ಲಿಸುತ್ತದೆ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ‘ಗೋಪಾಲ’ದ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘಚಿಹ್ನೆ ಎಂದು ಮೂರು ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಡೇಟಾಬೇಸ್ ಬೈಟ್‌ಗಳನ್ನು ಹೋಲಿಸಿದಾಗ ಅವರಿಬ್ಬರೂ ಬೇರೆ ಬೇರೆ ಗೋಪಾಲರು. ಎರಡು ವ್ಯವಸ್ಥೆಗಳ ಹೆಸರು ತಾಳೆ ನೋಡುವ ಮೊದಲು ಎರಡನ್ನೂ ಒಂದೇ ನಾರ್ಮಲೈಸ್ಡ್ ರೂಪಕ್ಕೆ ತರಬೇಕು. ಹಳೆಯ ಫಾಂಟ್‌ಗಳ ಕಾಲದಲ್ಲಿ ತುಂಬಿಸಿದ ದತ್ತಾಂಶವಾದರೆ ಅದು ಯುನಿಕೋಡೇ ಅಲ್ಲ, ಮೊದಲು ಪರಿವರ್ತನೆ ಆಗಬೇಕು. ಜನರ ಹೆಸರನ್ನು ಅವರು ಬರೆಯುವ ಹಾಗೆಯೇ ಕಾಪಾಡುವುದು ನಮ್ಮ ಹೊಣೆ. ಪ್ರಶ್ನೆಚಿಹ್ನೆಗಳ ಸಾಲಾಗಿ ಬದಲಾದ ಹೆಸರನ್ನು ಪ್ರತಿಯಲ್ಲಿ ಕಂಡರೆ ‘ರಿಪೋರ್ಟ್ ತಾನೆ’ ಎಂದು ಬಿಟ್ಟುಬಿಡಬೇಡ.

ಮೊದಲ ಸಲ ಪೂರ್ತಿ ತುಂಬುವ ಕೆಲಸ, ಅಂದರೆ ಇನಿಶಿಯಲ್ ಲೋಡ್, ತಾಳ್ಮೆ ಬೇಡುತ್ತದೆ. ಮೂಲ ನಿಲ್ಲುವುದಿಲ್ಲ, ನೀನು ನಕಲು ಮಾಡುತ್ತಿರುವಾಗಲೂ ಅದು ಬದಲಾಗುತ್ತಿರುತ್ತದೆ. ಒರಾಕಲ್‌ನಲ್ಲಿ ಒಂದು ಎಸ್‌ಸಿಎನ್, ಅಂದರೆ ಬದಲಾವಣೆಯ ಕ್ರಮಸಂಖ್ಯೆ, ಗುರುತಿಸಿಕೊಂಡು ಎಕ್ಸ್‌ಪೋರ್ಟ್ ಅನ್ನು ಆ ನಂಬರಿಗೆ ಕಟ್ಟು, ಆಗ ಎಲ್ಲ ಟೇಬಲ್‌ಗಳೂ ಒಂದೇ ಗಳಿಗೆಯ ಚಿತ್ರ ಕೊಡುತ್ತವೆ. ಆ ನಂಬರಿನ ನಂತರ ಕಮಿಟ್ ಆದದ್ದನ್ನು ಲಾಗ್‌ನಿಂದ ಹಚ್ಚು. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಆ ಗಳಿಗೆಯಲ್ಲಿ ಅರ್ಧಕ್ಕೆ ನಿಂತಿದ್ದ ಟ್ರಾನ್ಸಾಕ್ಷನ್‌ಗಳು ಎಕ್ಸ್‌ಪೋರ್ಟ್‌ನಲ್ಲಿ ಇರುವುದಿಲ್ಲ. ಲಾಗ್ ಓದುವುದನ್ನು ಸರಿಯಾಗಿ ಆ ನಂಬರಿನಿಂದಲೇ ಶುರುಮಾಡಿದರೆ ಅವುಗಳ ಮೊದಲರ್ಧ ಅಲ್ಲೂ ಸಿಗುವುದಿಲ್ಲ. ಆದ್ದರಿಂದ ಆಗ ತೆರೆದಿದ್ದ ಅತಿ ಹಳೆಯ ಟ್ರಾನ್ಸಾಕ್ಷನ್‌ಗಿಂತ ಹಿಂದಿನಿಂದ ಲಾಗ್ ಓದು, ಆದರೆ ಗುರುತಿನ ನಂತರ ಕಮಿಟ್ ಆದದ್ದನ್ನು ಮಾತ್ರ ಹಚ್ಚು. ಹಳೆಯ ಮೌಲ್ಯಗಳನ್ನು ಇಟ್ಟುಕೊಳ್ಳುವ ಅನ್‌ಡೂ ಜಾಗ ಸಾಕಷ್ಟು ಇದೆಯೇ ನೋಡಿಕೋ, ಇಲ್ಲದಿದ್ದರೆ ದೊಡ್ಡ ಟೇಬಲಿನ ನಡುವೆಯೇ ‘ಸ್ನ್ಯಾಪ್‌ಶಾಟ್ ಟೂ ಓಲ್ಡ್’ ಎಂದು ಕೈಕೊಡುತ್ತದೆ.

ಪ್ರತಿ ಎಷ್ಟೇ ಚುರುಕಾಗಿದ್ದರೂ ಮೂಲಕ್ಕಿಂತ ಹಿಂದೆಯೇ ಇರುತ್ತದೆ. ಕಾಲುವೆಯ ತೂಬು ತೆರೆದ ತಕ್ಷಣ ಮೇಲ್ಭಾಗದ ಗದ್ದೆಗೆ ನೀರು ಬರುತ್ತದೆ, ಕೊನೆಯ ಭಾಗದ ರೈತ ಕಾಯಬೇಕು. ರಿಪೋರ್ಟ್ ನೋಡುವವರು ಆ ಕೊನೆಯ ಭಾಗದ ರೈತರು. ಅವರಿಗೆ ‘ರಿಯಲ್ ಟೈಮ್’ ಎಂದು ಮಾತು ಕೊಡಬೇಡ, ಎಷ್ಟು ಹಿಂದಿದೆ ಎಂಬುದನ್ನು ರಿಪೋರ್ಟಿನ ಮೇಲೆಯೇ ಬರೆದು ತೋರಿಸು. ಹಣ ಕಟ್ಟಿದ ಗ್ರಾಹಕರಿಗೆ ಮುಂದಿನ ಪುಟವನ್ನು ಪ್ರತಿಯಿಂದ ಓದಿ ‘ಬಾಕಿ ಇದೆ’ ಎಂದು ತೋರಿಸಿದರೆ ಅವರು ಮತ್ತೊಮ್ಮೆ ಕಟ್ಟುತ್ತಾರೆ. ತಾನು ಈಗಷ್ಟೇ ಬರೆದದ್ದನ್ನು ಓದಲು ಬಂದವರನ್ನು ಮೂಲಕ್ಕೇ ಕಳಿಸಬೇಕು. ಇನ್ನು ಹಿಂದುಳಿದದ್ದನ್ನು ಅಳೆಯಲು ಟೂಲ್ ತೋರಿಸುವ ಅಂಕಿಯನ್ನೇ ನಂಬಬೇಡ. ಮೈಎಸ್‌ಕ್ಯೂಎಲ್‌ನ ಹಳೆಯ ‘ಎಷ್ಟು ಸೆಕೆಂಡು ಹಿಂದೆ’ ಎಂಬ ಅಂಕಿ, ಲಾಗ್ ಬರುವ ದಾರಿಯೇ ನಿಧಾನವಾಗಿದ್ದಾಗಲೂ ಸೊನ್ನೆ ತೋರಿಸಬಲ್ಲದು. ಮೂಲದಲ್ಲಿ ಒಂದು ಪುಟ್ಟ ಹಾರ್ಟ್‌ಬೀಟ್ ಟೇಬಲ್ ಇಟ್ಟು ಪ್ರತಿ ಸೆಕೆಂಡಿಗೂ ಅದರಲ್ಲಿ ಸಮಯ ಬರೆ. ಪ್ರತಿಯಲ್ಲಿ ಅದನ್ನು ಓದಿ ಈಗಿನ ಸಮಯದಿಂದ ಕಳೆ. ಇದು ಸುಳ್ಳು ಹೇಳುವುದಿಲ್ಲ, ಎರಡೂ ಕಡೆಯ ಗಡಿಯಾರ ಸರಿಯಿದ್ದರೆ ಸಾಕು.

‘ಹಿಂದೆ ಬೀಳುವುದೇ ಬೇಡ, ಎರಡೂ ಕಡೆ ಬರೆದಾದ ಮೇಲೆ ಕಮಿಟ್ ಎನ್ನೋಣ’ ಎಂದು ಮ್ಯಾನೇಜರ್ ಕೇಳಿದಾಗ ಅವರ ಮುಂದೆ ಒಂದು ಲೆಕ್ಕ ಇಡು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈ ಆಕಾಶದಲ್ಲಿ ಅಳೆದರೆ 840 ಕಿಲೋಮೀಟರ್ ಆಸುಪಾಸು. ಹೋಗಿ ಬರಲು 8 ಮಿಲಿಸೆಕೆಂಡಿಗಿಂತ ಹೆಚ್ಚು. ತಂತಿ ನೇರಕ್ಕೆ ಹೋಗುವುದಿಲ್ಲ, ನಡುವೆ ಸ್ವಿಚ್‌ಗಳಿವೆ, ಹಾಗಾಗಿ ನಿಜದಲ್ಲಿ ಇನ್ನೂ ಹೆಚ್ಚು. ಒಂದೇ ಸಾಲನ್ನು ಒಂದರ ಹಿಂದೊಂದು ತಿದ್ದುವ ಕೆಲಸವಿದ್ದರೆ ಸೆಕೆಂಡಿಗೆ ಸುಮಾರು 120ಕ್ಕಿಂತ ಮೇಲೆ ಹೋಗಲು ಸಾಧ್ಯವೇ ಇಲ್ಲ. ಎಷ್ಟು ದುಡ್ಡು ಸುರಿದರೂ ಬೆಳಕನ್ನು ಇನ್ನೂ ವೇಗವಾಗಿ ಓಡಿಸಲಾಗದು. ಅದಕ್ಕೇ ದೊಡ್ಡ ಹಣಕಾಸು ಸಂಸ್ಥೆಗಳು ಹತ್ತಿರದಲ್ಲೇ ಒಂದು ಸೈಟಿಟ್ಟು ಅದಕ್ಕೆ ಸಿಂಕ್ರೊನಸ್ ಆಗಿ ಬರೆಯುತ್ತವೆ, ದೂರದ ಊರಿನ ಡಿಆರ್‌ಗೆ ಸ್ವಲ್ಪ ಹಿಂದೆ ಉಳಿದು ಕಳಿಸುತ್ತವೆ.

ದೂರದ ಪ್ರತಿ ತಾನೇ ಮೂಲವಾಗಿ ಎದ್ದು ಕೂತರೆ ಏನಾಗುತ್ತದೆ ಎಂಬುದಕ್ಕೆ ಗಿಟ್‌ಹಬ್‌ನವರು 2018ರ ಅಕ್ಟೋಬರ್ 21ರ ತಮ್ಮ ಅನುಭವವನ್ನು ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದ್ದಾರೆ, ಹುಡುಕಿ ಓದು. ಅಮೆರಿಕದ ಪೂರ್ವ ತೀರದಲ್ಲಿ ಉಪಕರಣ ಬದಲಿಸುವಾಗ ನೆಟ್‌ವರ್ಕ್ ಕಡಿದದ್ದು 43 ಸೆಕೆಂಡು. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಪಶ್ಚಿಮ ತೀರದ ಮೈಎಸ್‌ಕ್ಯೂಎಲ್ ಪ್ರತಿಗಳನ್ನು ಮೂಲ ಎಂದು ಪಟ್ಟ ಕಟ್ಟಿತು. ಪೂರ್ವದಲ್ಲಿ ಬರೆದು ಇನ್ನೂ ಪಶ್ಚಿಮಕ್ಕೆ ಮುಟ್ಟದ ಕೆಲವು ಸೆಕೆಂಡುಗಳ ದತ್ತಾಂಶ ಅಲ್ಲೇ ಉಳಿಯಿತು. ಒಂದು ಕ್ಲಸ್ಟರಿನಲ್ಲೇ ಅಂಥವು 954 ಬರಹಗಳು. ಅತ್ತ ಪಶ್ಚಿಮದಲ್ಲಿ ಸುಮಾರು 40 ನಿಮಿಷ ಹೊಸ ಬರಹಗಳು ಬೀಳುತ್ತಾ ಹೋದವು. ಈಗ ಎರಡು ಮೂಲ, ಒಂದರಲ್ಲಿರುವುದು ಇನ್ನೊಂದರಲ್ಲಿ ಇಲ್ಲ. ಪೂರ್ತಿ ಸರಿಹೋಗಲು ಹಿಡಿದದ್ದು 24 ಗಂಟೆ 11 ನಿಮಿಷ. ಸೈಟ್ ಬೇಗ ಎಬ್ಬಿಸುವುದೋ, ಜನರ ದತ್ತಾಂಶ ಉಳಿಸುವುದೋ ಎಂಬ ಪ್ರಶ್ನೆ ಬಂದಾಗ ಅವರು ದತ್ತಾಂಶವನ್ನು ಆರಿಸಿಕೊಂಡರು. ಆ ಆಯ್ಕೆಗೆ ನನ್ನ ಪೂರ್ಣ ಗೌರವವಿದೆ. ಡಿಆರ್ ಡ್ರಿಲ್ ಮಾಡುವಾಗ ಹೋಗುವುದನ್ನು ಮಾತ್ರ ಅಭ್ಯಾಸ ಮಾಡಬೇಡ, ವಾಪಸ್ ಬರುವುದನ್ನೂ ಮಾಡು. ಪಟ್ಟ ಕಟ್ಟುವ ಅಧಿಕಾರ ಯಂತ್ರಕ್ಕೋ ಮನುಷ್ಯರಿಗೋ ಎಂಬುದು ಮೊದಲೇ ತೀರ್ಮಾನವಾಗಿರಲಿ.

ಬೇಕೆಂದೇ ಎರಡು ಮೂಲ ಇಡೋಣ ಎಂಬ ಸಲಹೆಯೂ ಬರುತ್ತದೆ, ಎರಡೂ ಊರಿನಲ್ಲಿ ಬರೆಯಬಹುದು ಎಂಬ ಆಸೆ. 1996ರಲ್ಲಿ ಜಿಮ್ ಗ್ರೇ ಮತ್ತು ಮೂವರು ಸಂಗಡಿಗರು ‘ದ ಡೇಂಜರ್ಸ್ ಆಫ್ ರೆಪ್ಲಿಕೇಶನ್ ಅಂಡ್ ಎ ಸೊಲ್ಯೂಶನ್’ ಎಂಬ ಪ್ರಬಂಧದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ: ಎಲ್ಲಿ ಬೇಕಾದರೂ ಬರೆಯಬಹುದು ಎಂದು ಬಿಟ್ಟು ನೋಡ್‌ಗಳನ್ನೂ ಕೆಲಸವನ್ನೂ ಹತ್ತು ಪಟ್ಟು ಮಾಡಿದರೆ ಡೆಡ್‌ಲಾಕ್ ಅಥವಾ ತಕರಾರು ಸಾವಿರ ಪಟ್ಟಾಗುತ್ತದೆ. ಅವರು ಸೂಚಿಸಿದ ದಾರಿಯ ತಿರುಳು ಸಹ ಪ್ರತಿ ದತ್ತಾಂಶಕ್ಕೂ ಒಬ್ಬ ಒಡೆಯ ಇರಬೇಕು ಎಂಬುದೇ. ಟೂಲ್‌ಗಳಲ್ಲಿ ‘ಕೊನೆಯಲ್ಲಿ ಬರೆದವರೇ ಗೆದ್ದರು’ ಎಂಬ ಆಯ್ಕೆ ಇರುತ್ತದೆ. ಅದು ತಕರಾರನ್ನು ಬಗೆಹರಿಸುವುದಿಲ್ಲ, ಸೋತವರ ಬರಹವನ್ನು ಸದ್ದಿಲ್ಲದೆ ಎಸೆಯುತ್ತದೆ. ಅನಿವಾರ್ಯವಾದರೆ ಒಡೆತನವನ್ನು ಹಂಚು: ಹುಬ್ಬಳ್ಳಿ ಶಾಖೆಯ ಖಾತೆಗಳನ್ನು ಒಂದು ಕಡೆ ಮಾತ್ರ ಬರೆಯಲಿ, ಮೈಸೂರಿನದ್ದನ್ನು ಇನ್ನೊಂದು ಕಡೆ ಮಾತ್ರ. ಬಾಕಿ ಮೊತ್ತವನ್ನು ಅಳಿಸಿ ಬರೆಯುವ ಬದಲು ಜಮಾ, ಖರ್ಚಿನ ನಮೂದುಗಳನ್ನು ಸೇರಿಸುತ್ತಾ ಹೋದರೆ ಎರಡು ಕಡೆಯಿಂದ ಬಂದರೂ ಕೂಡಿಸಬಹುದು.

ಪ್ರತಿ ಇದೆಯಲ್ಲ, ಬ್ಯಾಕಪ್ ಯಾಕೆ ಎನ್ನುವವರೂ ಸಿಗುತ್ತಾರೆ. ಮೂಲದಲ್ಲಿ ಯಾರಾದರೂ ಟೇಬಲ್ ಖಾಲಿ ಮಾಡಿದರೆ ನಿನ್ನ ಉತ್ತಮ ರೆಪ್ಲಿಕೇಶನ್ ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರತಿಯಲ್ಲೂ ಖಾಲಿ ಮಾಡುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಆದದ್ದು ನೋಡು. ಹಿಂದೆ ಬಿದ್ದ ಪ್ರತಿಯನ್ನು ಸರಿಮಾಡುತ್ತಿದ್ದ ಎಂಜಿನಿಯರ್, ಪ್ರತಿಯ ಮೇಲಿದ್ದೇನೆ ಎಂದುಕೊಂಡು ಮೂಲದ ಫೈಲುಗಳನ್ನು ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆ ಇದ್ದ ಮಾರ್ಗಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಯಾವುದೂ ನೆಟ್ಟಗಿರಲಿಲ್ಲ. ಪಿಜಿ ಡಂಪ್ ಹಳೆಯ ಆವೃತ್ತಿಯದಾಗಿದ್ದರಿಂದ ಓಡುತ್ತಲೇ ಇರಲಿಲ್ಲ, ಅದು ಸೋತಿದೆ ಎಂದು ತಿಳಿಸುವ ಈಮೇಲ್‌ಗಳೂ ದಾರಿಯಲ್ಲೇ ತಿರಸ್ಕೃತವಾಗುತ್ತಿದ್ದವು. ಸುಮಾರು 6 ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ಒಬ್ಬರು ತೆಗೆದಿದ್ದ ಸ್ನ್ಯಾಪ್‌ಶಾಟ್ ಸಿಕ್ಕಿದ್ದರಿಂದ ನಷ್ಟ ಆ 6 ಗಂಟೆಗೆ ನಿಂತಿತು. ಆ ಎಂಜಿನಿಯರನ್ನು ಬೈಯುವುದರಲ್ಲಿ ಅರ್ಥವಿಲ್ಲ, ದಣಿದ ರಾತ್ರಿ ಯಾರಿಗಾದರೂ ಹೀಗಾಗಬಹುದು. ನೀನು ಮಾತ್ರ ಮೂಲದ ಟರ್ಮಿನಲ್‌ಗೆ ಕೆಂಪು ಬಣ್ಣ ಹಚ್ಚಿಕೋ, ಪ್ರಾಂಪ್ಟ್‌ನಲ್ಲೇ ‘ಮೂಲ’, ‘ಪ್ರತಿ’ ಎಂದು ಕಾಣುವ ಹಾಗೆ ಮಾಡು. ಬ್ಯಾಕಪ್‌ನಿಂದ ಮತ್ತೆ ಎಬ್ಬಿಸಿ ನೋಡುವುದನ್ನು ತಿಂಗಳ ಕೆಲಸಗಳ ಪಟ್ಟಿಗೆ ಸೇರಿಸು.

ತಾಳೆ ನೋಡುವುದನ್ನು ಯಾರೂ ನಿನಗೆ ವಹಿಸುವುದಿಲ್ಲ, ನೀನೇ ವಹಿಸಿಕೋ. ಸಾಲುಗಳ ಎಣಿಕೆ ಸಾಲದು, ಎಣಿಕೆ ಸರಿಯಿದ್ದು ಒಳಗಿನ ಮೌಲ್ಯ ಬೇರೆಯಿರಬಹುದು. ಕೀ ಪ್ರಕಾರ ಟೇಬಲನ್ನು ತುಂಡು ಮಾಡಿ ಪ್ರತಿ ತುಂಡಿಗೂ ಚೆಕ್‌ಸಮ್ ತೆಗೆದು ಎರಡೂ ಕಡೆ ಹೋಲಿಸು. ಬೇರೆ ಬಂದರೆ ತಕ್ಷಣ ಗಾಬರಿಯಾಗಬೇಡ, ದಾರಿಯಲ್ಲಿರುವ ಬದಲಾವಣೆ ಇರಬಹುದು. ಸ್ವಲ್ಪ ಹೊತ್ತು ಬಿಟ್ಟು ಅದೇ ತುಂಡನ್ನು ಮತ್ತೆ ನೋಡು. ಆಗಲೂ ಬೇರೆಯಿದ್ದರೆ ಸಾಲನ್ನು ತಿದ್ದಿ ಮುಗಿಸುವ ಅವಸರ ಬೇಡ, ಯಾಕೆ ಬೇರೆಯಾಯಿತು ಎಂದು ಸಿಗುವ ತನಕ ಬೆನ್ನು ಹತ್ತು. ಎಷ್ಟೋ ಸಲ ಯಾರೋ ಪ್ರತಿಗೆ ನೇರವಾಗಿ ಲಾಗಿನ್ ಆಗಿ ‘ಒಂದೇ ಒಂದು ಸಾಲು’ ತಿದ್ದಿರುತ್ತಾರೆ. ಪ್ರತಿಯಲ್ಲಿ ಬರೆಯುವ ಅನುಮತಿ ರೆಪ್ಲಿಕೇಶನ್‌ನ ಬಳಕೆದಾರ ಹೆಸರಿಗೆ ಬಿಟ್ಟು ಇನ್ನಾರಿಗೂ ಇರದಂತೆ ನೋಡಿಕೋ, ನಿನಗೂ ಬೇಡ.

ಕೊನೆಯದಾಗಿ ಆ ಪಾಲುದಾರ ಸಂಸ್ಥೆಯ ವಿಷಯ. ನಿನ್ನ ಟೇಬಲಿನಲ್ಲಿರುವುದು ಜನರ ಜನ್ಮದಿನ, ವಿಳಾಸ, ಆಧಾರ್‌ನ ಅಂಕೆಗಳು. ಹೊರಗೆ ಹೋದ ಪ್ರತಿಯನ್ನು ಕರೆದು ವಾಪಸ್ ತರುವ ಕಮಾಂಡ್ ಯಾವ ಡೇಟಾಬೇಸಿನಲ್ಲೂ ಇಲ್ಲ. ಅವರಿಗೆ ಬೇಕಾದ ಕಾಲಂಗಳು ಯಾವುವು ಎಂದು ಕೇಳಿ ಅಷ್ಟನ್ನೇ ಕೊಡು. ಪೋಸ್ಟ್‌ಗ್ರೆಸ್ 15ರಿಂದ ಪಬ್ಲಿಕೇಶನ್‌ನಲ್ಲೇ ಕಾಲಂಗಳನ್ನು ಆರಿಸಬಹುದು, ಸಾಲುಗಳನ್ನೂ ಸೋಸಬಹುದು. ಟೆಸ್ಟ್ ಸರ್ವರಿಗೆ ಹೋಗುವ ಪ್ರತಿಯಲ್ಲಿ ಹೆಸರು, ನಂಬರು ಮರೆಮಾಚಿಯೇ ಹೋಗಲಿ. ಪಾವತಿಗೆ ಸಂಬಂಧಿಸಿದ ದತ್ತಾಂಶ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲೇ ಹೇಳಿದೆ. ಆದ್ದರಿಂದ ಕ್ಲೌಡ್‌ನಲ್ಲಿ ಪ್ರತಿ ಎಬ್ಬಿಸುವಾಗ ಅದು ಯಾವ ದೇಶದಲ್ಲಿ ಏಳುತ್ತಿದೆ ಎಂದು ಪರದೆಯ ಮೇಲಿನ ಆ ಸಣ್ಣ ಅಕ್ಷರವನ್ನು ಓದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ದತ್ತಾಂಶ ಅಳಿಸಿ ಎಂದು ಕೇಳುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಹಾಗೆ ಯಾರಾದರೂ ಕೇಳಿದ ದಿನ ಮೂಲದಲ್ಲಿ ಅಳಿಸಿದರೆ ಸಾಲದು, ರಿಪೋರ್ಟ್‌ನ ಪ್ರತಿಯಲ್ಲಿ, ಪಾಲುದಾರರ ಪ್ರತಿಯಲ್ಲಿ, ಯಾರೋ ಎಕ್ಸೆಲ್‌ಗೆ ಇಳಿಸಿಕೊಂಡಿರುವುದರಲ್ಲಿಯೂ ಅದು ಹೋಗಬೇಕು. ಅಳಿಸಿದ್ದು ಅವರಿಗೆ ಹೇಗೆ ಮುಟ್ಟುತ್ತದೆ, ಎಷ್ಟು ದಿನದೊಳಗೆ ತೆಗೆಯುತ್ತಾರೆ, ತೆಗೆದದ್ದಕ್ಕೆ ಏನು ಪುರಾವೆ ಕಳಿಸುತ್ತಾರೆ ಎಂಬುದನ್ನು ಆ ಸಂಸ್ಥೆಯಿಂದ ಬರಹದಲ್ಲಿ ಪಡೆ. ಅದು ಕೈಗೆ ಬರುವ ತನಕ, ಯಾರು ಎಷ್ಟೇ ಅವಸರ ಮಾಡಲಿ, ಫೀಡ್ ಶುರುಮಾಡಬೇಡ.

ನಿನ್ನ ದೊಡ್ಡಪ್ಪ